ಹನ್ನೊಂದನೇ ವಾದ್ಯ

ಸ್ವೆಟರ್ ಹೆಣೆಯುವ ಆ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಚುಕ್ಕಿಯಕ್ಕ ಎಂದೇ ಕರೆಯುತ್ತಿದ್ದರು. ಕಾರ್ಖಾನೆ ಎಂದರೆ ದೊಡ್ಡದೇನಲ್ಲ. ಉದ್ದನೆಯ ಒಂದು ಹಜಾರ, ಅದರಲ್ಲಿ ಕೈಯಿಂದ ತಳ್ಳುವ ಏಳು ಯಂತ್ರಗಳು, ಕಿಟಕಿಯ ಪಕ್ಕ ಗುಂಡಿ ಹೊಲಿಯುವ ಮೇಜು, ಮೂಲೆಯಲ್ಲಿ ನೂಲಿನ ಉಂಡೆಗಳ ಕಪಾಟು. ಚುಕ್ಕಿಯಕ್ಕ ಕೂರುತ್ತಿದ್ದದ್ದು ಬಾಗಿಲ ಬಳಿಯ ಓರೆ ಮೇಜಿಗೆ. ಚೌಕಳಿ ಕಾಗದದ ಮೇಲೆ ಪೆನ್ಸಿಲಿನಿಂದ ಚುಕ್ಕಿ ಇಟ್ಟು ಎಲೆಯನ್ನೋ ಬಾತುಕೋಳಿಯನ್ನೋ ಬರೆಯುವುದು, ಆಮೇಲೆ ಆ ಚುಕ್ಕಿಗಳಿದ್ದ ಕಡೆಯಲ್ಲೆಲ್ಲ ಪ್ಲಾಸ್ಟಿಕ್ ಕಾರ್ಡಿನಲ್ಲಿ ಒಂದೊಂದಾಗಿ ತೂತು ಹೊಡೆಯುವುದು ಅವಳ ಕೆಲಸ. ತೂತಿದ್ದಲ್ಲಿ ಯಂತ್ರದ ಸೂಜಿ ಬಣ್ಣದ ನೂಲು ಹಿಡಿಯುತ್ತದೆ, ಇಲ್ಲದಲ್ಲಿ ಬಿಡುತ್ತದೆ. ಅಡ್ಡಕ್ಕೆ ಇಪ್ಪತ್ತನಾಲ್ಕು ಮನೆ, ಉದ್ದಕ್ಕೆ ಬೇಕಾದಷ್ಟು. ಹತ್ತೊಂಬತ್ತು ವರ್ಷದಿಂದ ಇದೇ. ಒಂದು ತೂತು ಆಚೀಚೆಯಾದರೆ ಬಾತುಕೋಳಿಗೆ ಮೂರನೇ ಕಾಲು ಬರುತ್ತಿತ್ತು. ಒಂದು ಸಲ ಬಂದೂ ಇತ್ತು. ಮಕ್ಕಳ ಸ್ವೆಟರುಗಳ ಒಂದು ಇಡೀ ಮೂಟೆ ಮೂರು ಕಾಲಿನ ಬಾತುಕೋಳಿ ಹೊತ್ತು ಅಂಗಡಿಗಳಿಗೆ ಹೋಯಿತು, ಒಂದೂ ವಾಪಸು ಬರಲಿಲ್ಲ.

"ಮಕ್ಕಳಿಗೆ ಕಾಲು ಜಾಸ್ತಿ ಇದ್ದಷ್ಟೂ ಖುಷಿ ಬಿಡೇ," ಎಂದು ಗುಂಡಿಯತ್ತೆ ಸಮಾಧಾನ ಹೇಳಿದ್ದಳು.

ಗುಂಡಿಯತ್ತೆ ಎಂದರೆ ಕಿಟಕಿಯ ಮೇಜಿನ ಒಡತಿ. ಎಲ್ಲರಿಗಿಂತ ಹಿರಿಯಳು. ಅವಳ ಬಾಯಲ್ಲಿ ಸೂಜಿ ಇಲ್ಲದಿದ್ದರೆ ಮಾತು ಇರುತ್ತಿತ್ತು.

ಯಂತ್ರಗಳ ರಿಪೇರಿ ಚುಕ್ಕಿಯಕ್ಕನ ಅಣ್ಣನದು. ದಿನದ ಅರ್ಧ ಭಾಗ ಅವನ ಕಾಲುಗಳು ಮಾತ್ರ ಯಾವುದಾದರೊಂದು ಯಂತ್ರದ ಅಡಿಯಿಂದ ಚಾಚಿಕೊಂಡು ಕಾಣುತ್ತಿದ್ದವು. ರಿಪೇರಿಯಣ್ಣ ಎಂದು ಕರೆದರೆ ಕಾಲು ಅಲ್ಲಾಡುತ್ತಿತ್ತು, ಅದೇ ಉತ್ತರ. ಚಿಕ್ಕಂದಿನಿಂದಲೂ ಅವನು ಉಗ್ಗುತ್ತಿದ್ದ. ಹಾಗಾಗಿ ಹೊರಗೆ ಮಾತೇ ಆಡುತ್ತಿರಲಿಲ್ಲ. ಬೇಕಾದ್ದನ್ನು ಸ್ಕ್ರೂಡ್ರೈವರಿನ ತುದಿಯಲ್ಲಿ ತೋರಿಸುತ್ತಿದ್ದ, ಉಳಿದದ್ದನ್ನು ಹೂಂ ಊಹೂಂಗಳಲ್ಲಿ ಮುಗಿಸುತ್ತಿದ್ದ. ಯಂತ್ರ ತಳ್ಳುವ ಹೆಂಗಸರಲ್ಲಿ ಹೆಚ್ಚಿನವರಿಗೆ ಅವನು ಉಗ್ಗುತ್ತಾನೆಂಬುದೂ ಗೊತ್ತಿರಲಿಲ್ಲ, ಮಿತಭಾಷಿ ಎಂದುಕೊಂಡಿದ್ದರು. ಗುಂಡಿಯತ್ತೆಗೆ ಗೊತ್ತಿತ್ತು. ಊರ ಮೇಲಿನ ಸಮಾಚಾರವೆಲ್ಲ ಆಡುವ ಅವಳು ಆ ಒಂದು ವಿಷಯ ಮಾತ್ರ ಯಾವತ್ತೂ ಬಾಯಿಗೆ ತಂದವಳಲ್ಲ.

ಅಂಗಡಿಗೋ ಆಸ್ಪತ್ರೆಗೋ ಹೋದಾಗ ಅಣ್ಣ ಬಾಯಿ ತೆರೆಯುವ ಮೊದಲೇ ಚುಕ್ಕಿಯಕ್ಕ ಅವನ ಮಾತು ಮುಗಿಸುತ್ತಿದ್ದಳು. ಅವನಿಗೆ ಏನು ಬೇಕೆಂದು ಅವಳಿಗೆ ಗೊತ್ತಲ್ಲ. ಶಾಲೆಯಲ್ಲಿ ಅವನನ್ನು ಅಣಕಿಸಿದ ಹುಡುಗನ ಬೆನ್ನಿಗೆ ಅವಳು ಸ್ಲೇಟಿನಲ್ಲಿ ಬಾರಿಸಿದ್ದಳು, ಆಗ ಅವಳಿಗೆ ಏಳು ವರ್ಷ. ತಂದೆತಾಯಿ ಹೋದ ಮೇಲೂ, ಅಣ್ಣತಂಗಿ ಇಬ್ಬರೂ ಮದುವೆಯಾಗದೆ ಆ ಎರಡು ಕೋಣೆಯ ಮನೆಯಲ್ಲಿ ಉಳಿದ ಮೇಲೂ, ತನ್ನ ಬದುಕಿನಲ್ಲಿ ನೆಟ್ಟಗೆ ಮಾಡಿದ ಕೆಲಸ ಎಂದು ಅವಳು ಎಣಿಸುತ್ತಿದ್ದದ್ದು ಅದೊಂದನ್ನೇ.

ಮನೆಯಲ್ಲಿ ಮಾತ್ರ ಅವನು ಮಾತಿನ ಮಲ್ಲ. ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟನೆಂದರೆ ಶುರು. ಐದನೇ ಯಂತ್ರ ಇವತ್ತು ಯಾಕೆ ಮುನಿಸಿಕೊಂಡಿತು, ಕಾರ್ಖಾನೆಯ ಯಜಮಾನಿ ಎಣ್ಣೆಯ ಡಬ್ಬಿಯನ್ನು ಎಲ್ಲಿ ಬಚ್ಚಿಡುತ್ತಾಳೆ, ಗುಂಡಿಯತ್ತೆ ಬಾಯಲ್ಲಿ ಸೂಜಿ ಇಟ್ಟುಕೊಂಡೇ ಹೇಗೆ ಸೀನುತ್ತಾಳೆ. ಒಂದೊಂದು ಪದವೂ ಎಡವಿ, ನಿಂತು, ಮತ್ತೆ ಎದ್ದು ಬರುತ್ತಿತ್ತು. ಆದರೂ ಅವನು ನಾಚುತ್ತಿರಲಿಲ್ಲ. ಈ ಲೋಕದಲ್ಲಿ ಅವನು ನಾಚದೆ ಉಗ್ಗುತ್ತಿದ್ದ ಜಾಗ ಅದೊಂದೇ, ತಂಗಿಯ ಎದುರು.

ಆ ವರ್ಷ ಯಜಮಾನಿ ಆಫೀಸಿಗೆ ಹೊಸ ಕಂಪ್ಯೂಟರ್ ತಂದು, ಹಳೆಯದನ್ನು ಚುಕ್ಕಿಯಕ್ಕನಿಗೆ ಕೊಟ್ಟಳು. ಇನ್ನು ಮೇಲೆ ಚೌಕಳಿ ಕಾಗದ ಬೇಡ, ಇದರಲ್ಲೇ ಬರೆ ಎಂದಳು. ಓರೆ ಮೇಜಿನ ಮೇಲೆ ಅದಕ್ಕೆ ಜಾಗವಿರಲಿಲ್ಲ, ಮನೆಗೆ ತಂದು ಕೂಡಿಸಿಕೊಟ್ಟವಳು ನೂಲಿನಂಗಡಿಯವರ ಮಗಳು. ಕಾಲೇಜಿಗೆ ಹೋಗುವ ಹುಡುಗಿ, ಕಿವಿಯಲ್ಲಿ ಸದಾ ವೈರು. ಚಿತ್ರ ಬರೆಯುವುದನ್ನು ಹೇಳಿಕೊಟ್ಟ ಮೇಲೆ ಅವಳು ಪರದೆಯಲ್ಲಿ ಇನ್ನೊಂದು ಕಿಟಕಿ ತೆರೆದಳು.

"ಅಕ್ಕಾ, ಇದನ್ನ ನೋಡಿ. ನಿಮ್ಮ ಕಾರ್ಡಿನ ಥರಾನೇ ಇದೆ."

ಕಪ್ಪು ಪರದೆಯ ಮೇಲೆ ಮೇಲಿಂದ ಕೆಳಕ್ಕೆ ಸಾಲುಸಾಲು ಅಂಕಿಗಳು.

"ಇದೇನು, ಬಸ್ಸಿನ ಟೈಂಟೇಬಲ್ಲಾ?"

"ಹಾಡು ಅಕ್ಕಾ. ಟ್ರ್ಯಾಕರ್ ಅಂತಾರೆ."

"ಹಾಡಿಗೆ ಇಷ್ಟೊಂದು ನಂಬರ್ ಯಾಕೆ ತಾಯಿ?"

ಹುಡುಗಿ ಬೆರಳಿಟ್ಟು ತೋರಿಸಿದಳು. ಒಂದೊಂದು ಸಾಲೂ ಒಂದೊಂದು ಕ್ಷಣ. ಅಂಥ ಅರವತ್ತನಾಲ್ಕು ಸಾಲು ಸೇರಿದರೆ ಒಂದು ಪಟ್ಟಿ. ಸಾಲಿನಲ್ಲಿ ಮನೆಗಳಿವೆ, ಪ್ರತಿ ಮನೆಯಲ್ಲಿ ಯಾವ ಸ್ವರ, ಎಷ್ಟನೇ ವಾದ್ಯ, ಎಷ್ಟು ಜೋರು ಎಂದು ಬರೆಯಬೇಕು. ಒಂದು ಗೆರೆ ಸಾಲಿನಿಂದ ಸಾಲಿಗೆ ಸರಿಯುತ್ತ ಹೋಗುತ್ತದೆ, ಅದು ಮುಟ್ಟಿದ್ದು ನುಡಿಯುತ್ತದೆ. ಖಾಲಿ ಮನೆ ಸುಮ್ಮನಿರುತ್ತದೆ. ಯಾವ ವಿದ್ಯೆಗೂ ಇಷ್ಟು ಬೇಗ ತನ್ನ ಬುದ್ಧಿ ಬಾಗಿಲು ತೆಗೆದದ್ದು ಚುಕ್ಕಿಯಕ್ಕನಿಗೆ ನೆನಪಿರಲಿಲ್ಲ. ತೂತಿದ್ದರೆ ಹಿಡಿ, ಇಲ್ಲದಿದ್ದರೆ ಬಿಡು. ಇಷ್ಟೇ ತಾನೇ?

"ಮತ್ತೆ ವಾದ್ಯ ಎಲ್ಲಿರತ್ತೆ?"

"ಸ್ಯಾಂಪಲ್ ಅಂತ ಇರತ್ತೆ. ನಮ್ಮಂಗಡೀಲಿ ನೂಲಿನ ತುಂಡುಗಳನ್ನ ಅಟ್ಟೆಗೆ ಅಂಟಿಸಿರ್ತೀವಲ್ಲ, ಹಾಗೆ. ಶಬ್ದದ ಒಂದು ತುಂಡು. ಅದನ್ನೇ ಮೇಲೆ ಕೆಳಗೆ ಎಳೆದು ಎಲ್ಲಾ ಸ್ವರ ಮಾಡೋದು. ಇಡೀ ಉಂಡೆ ಬೇಡ, ತುಂಡು ಸಾಕು."

ಮೊದಲ ರವಿವಾರ ಅವಳು ಒಂದು ಪುಟ್ಟ ರಾಗ ಬರೆದಳು. ಬೆಟ್ಟ ಹತ್ತಿ ಅಲ್ಲಿ ತುಸು ನಿಲ್ಲುವಂಥ ರಾಗ. ಅಣ್ಣನನ್ನು ಕರೆದು ಕೂರಿಸಿ ಗುಂಡಿ ಒತ್ತಿದಳು. ಮೊದಲು ನಿಂತಿತು, ಆಮೇಲೆ ಬೆಟ್ಟದಿಂದ ಜಾರಿ ಬಿತ್ತು. ಮತ್ತೆ ಒತ್ತಿದಳು. ಮತ್ತೆ ಜಾರಿತು. ಆಗ ಹೊಳೆಯಿತು. ಸ್ವೆಟರ್ ಬೆಳೆಯುವುದು ಕೆಳಗಿನ ಅಂಚಿನಿಂದ ಮೇಲಕ್ಕೆ, ಹತ್ತೊಂಬತ್ತು ವರ್ಷ ಅವಳು ಚುಕ್ಕಿ ಇಟ್ಟದ್ದೆಲ್ಲ ಕಾಗದದ ತಳದಿಂದ. ಹಾಡನ್ನೂ ಹಾಗೇ ಅರವತ್ತನಾಲ್ಕನೇ ಸಾಲಿನಿಂದ ಶುರುಮಾಡಿ ಮೇಲಕ್ಕೆ ಹೆಣೆದಿದ್ದಳು.

ಅಣ್ಣ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. "ಪು-ಪುಟ್ಟಿ, ಹಾಡಿಗೆ ಸ್ವೆ-ಸ್ವೆಟರ್ ತೊಡಿಸಿದ್ದೀಯ. ಅದೂ ತಿ... ತಿ-ತಿರುಗಾಮುರುಗಾ."

"ಸುಮ್ನಿರೋ. ಕುತ್ತಿಗೆ ತೂರಿಸೋಕೆ ಜಾಗ ಬಿಟ್ಟಿದ್ದೀನಲ್ಲ, ಅಷ್ಟು ಸಾಕು."

ಅಲ್ಲಿಂದಾಚೆ ಸಂಜೆಗಳು ಅದರದ್ದೇ ಆದವು. ಹುಡುಗಿ ಕೊಟ್ಟ ಕೊಳಲು, ಪಿಯಾನೋಗಳೆಲ್ಲ ಯಾರದ್ದೋ ಮನೆಯಿಂದ ಬೇಡಿ ತಂದ ಪಾತ್ರೆಯಂತೆ ಅನಿಸಿ, ಚುಕ್ಕಿಯಕ್ಕ ಫೋನು ಹಿಡಿದುಕೊಂಡು ತನ್ನ ಶಬ್ದಗಳನ್ನು ತಾನೇ ಕೂಡಿಹಾಕತೊಡಗಿದಳು. ಯಂತ್ರದ ಮೇಲೆ ಕೈಯಿಂದ ತಳ್ಳುವ ಕ್ಯಾರೇಜ್ ಈ ತುದಿಯಿಂದ ಆ ತುದಿಗೆ ಓಡಿ ಬಡಿಯುವ ಸದ್ದು. ಡಬ್ಬಿಯಲ್ಲಿ ಗುಂಡಿಗಳು ಉರುಳುವುದು. ಕತ್ತರಿ. ಇಸ್ತ್ರಿಪೆಟ್ಟಿಗೆಯ ಉಸಿರು. ನೂಲಿನ ಉಂಡೆ ನೆಲಕ್ಕೆ ಬೀಳುವ, ಸದ್ದೇ ಅಲ್ಲದಂಥ ಸದ್ದು. ಒಂದೊಂದನ್ನೂ ಕಂಪ್ಯೂಟರಿಗೆ ಹಾಕಿದರೆ ಪರದೆಯ ಮೇಲೆ ಗುಡ್ಡಗುಡ್ಡವಾಗಿ ಕಾಣುತ್ತಿತ್ತು, ಬೇಕಾದ ಗುಡ್ಡ ಉಳಿಸಿಕೊಂಡು ಆಚೀಚೆಯದನ್ನು ಕತ್ತರಿಸಬೇಕು. ಪ್ರತಿ ವಾದ್ಯಕ್ಕೂ ಹೆಸರು ಬರೆಯಲು ಜಾಗವಿತ್ತು. ಕತ್ತರಿ, ಗುಂಡಿಡಬ್ಬಿ, ಉಸಿರು ಎಂದು ಹೆಸರಿಟ್ಟಳು. ಒಂಬತ್ತಾದ ಮೇಲೆ ವಾದ್ಯದ ನಂಬರಿಗೆ ಹತ್ತು ಬರುವುದಿಲ್ಲ, ಇಂಗ್ಲಿಷಿನ ಅಕ್ಷರ ಬರುತ್ತದೆ ಎಂದು ಕಂಡು ಅವಳು ತಬ್ಬಿಬ್ಬಾಗಿದ್ದಳು. ಆದರೂ ತನ್ನ ಲೆಕ್ಕದಲ್ಲಿ ಹತ್ತು ವಾದ್ಯ ಆಯಿತು.

ಹತ್ತನ್ನೂ ಸೇರಿಸಿ ಒಂದು ಹಾಡು ಕಟ್ಟಿದಳು. ಎಲ್ಲ ಇತ್ತು, ಜೀವ ಇರಲಿಲ್ಲ. ತಾಳಕ್ಕೆ ಏನೋ ಮೆತ್ತಗಿನದು ಬೇಕಿತ್ತು, ಚರ್ಮದ್ದೂ ಅಲ್ಲದ ಕಬ್ಬಿಣದ್ದೂ ಅಲ್ಲದ ಒಂದು ಏಟು. ರವಿವಾರ ಬೆಳಿಗ್ಗೆ ಅಡುಗೆಮನೆಯ ಪಕ್ಕ ಕೂತು ಲೋಟಕ್ಕೆ ಚಮಚ ತಟ್ಟಿ ಫೋನಿನಲ್ಲಿ ಹಿಡಿಯುತ್ತಿದ್ದಳು. ಅಣ್ಣ ಚಹಾ ತಂದು ಪಕ್ಕಕ್ಕಿಟ್ಟ. ಅವಳ ಗಮನ ಲೋಟದ ಮೇಲೆ. ಅವನು ಸ್ವಲ್ಪ ಕಾದ. ಆಮೇಲೆ ಹೇಳಿದ.

"ತ... ತ-ತ... ತ-ತಣ್ಣಗಾಗತ್ತೆ, ಕುಡಿ."

ಅವಳು ಹೂಂ ಎಂದಳು. ಫೋನು ಎಲ್ಲವನ್ನೂ ಹಿಡಿದುಕೊಂಡಿತ್ತು.

ಮಧ್ಯಾಹ್ನ ವೈರು ಕಿವಿಗೆ ಸಿಕ್ಕಿಸಿ ಕೇಳುವಾಗ ಚಮಚದ ಸದ್ದು ಒಡಕಾಗಿತ್ತು. ಬಿಟ್ಟು ಮುಂದೆ ಹೋದಳು. ಆಗ ಅದು ಬಂತು. ತ. ತ-ತ. ನಾಲಿಗೆ ಹಲ್ಲಿಗೆ ತಾಗಿ ಬಿಡುವ, ಒದ್ದೆಯಾದ, ಮೆತ್ತಗಿನ ಏಟು. ಒಂದಕ್ಕೂ ಇನ್ನೊಂದಕ್ಕೂ ನಡುವೆ ಉಸಿರು ತಡೆದ ಚೂರು ಮೌನ. ಯಾವ ಮದ್ದಳೆಯವನೂ ಬೇಕೆಂದು ನುಡಿಸಲಾಗದ ಎಡೆ. ಅವಳ ಮೈ ಜುಮ್ಮೆಂದಿತು.

ಅದು ಅಣ್ಣನ ದನಿ ಎಂದು ಆ ಹೊತ್ತಿಗೆ ಮರೆತಿದ್ದೆ ಎಂದು ಆಮೇಲೆ ಅವಳು ತನಗೆ ತಾನೇ ಎಷ್ಟೋ ಸಲ ಹೇಳಿಕೊಂಡು ನೋಡಿದಳು. ಸುಳ್ಳು. ಕತ್ತರಿಸುವ ಮುನ್ನ ಅವಳು ಒಮ್ಮೆ ಬಾಗಿಲ ಕಡೆ ನೋಡಿದ್ದಳು. ಪಕ್ಕದ ಕೋಣೆಯಲ್ಲಿ ಅವನು ಷರ್ಟಿಗೆ ಇಸ್ತ್ರಿ ಹಾಕುತ್ತಿದ್ದ. ಕೂಗಿದರೆ ಕೇಳುತ್ತಿತ್ತು. ಅವಳು ಕೂಗಲಿಲ್ಲ. ಮೂರು ಗುಡ್ಡ ಇಟ್ಟುಕೊಂಡು ಉಳಿದದ್ದನ್ನು ಕತ್ತರಿಸಿದಳು. ಹತ್ತು ವಾದ್ಯಕ್ಕೂ ಹೆಸರು ಬರೆದಿದ್ದವಳು ಹನ್ನೊಂದನೆಯದರ ಮುಂದಿನ ಜಾಗವನ್ನು ಖಾಲಿ ಬಿಟ್ಟಳು.

ಹಾಡು ಎದ್ದು ಕೂತಿತು. ನೂಲಿನ ಹುಡುಗಿ ಕೇಳಿ ಕುಣಿದಳು. "ಅಕ್ಕಾ, ಆ ತ-ತ ಯಾವ ಸ್ಯಾಂಪಲ್? ನನಗೆ ಸಿಕ್ಕೇ ಇಲ್ವಲ್ಲ!"

"ಏನೋ ಒಂದು. ಮನೇದು," ಎಂದಳು ಚುಕ್ಕಿಯಕ್ಕ.

ಹುಡುಗಿ ತನ್ನ ಫೋನಿಗೆ ಹಾಕಿಕೊಂಡಳು. ನೂಲು ಕೊಡಲು ಬಂದಾಗ ಗುಂಡಿಯತ್ತೆಗೆ ಕೇಳಿಸಿದಳು. ಗುಂಡಿಯತ್ತೆ ತನಗೂ ಬೇಕೆಂದಳು, ಅವಳನ್ನು ನೋಡಿ ಎರಡನೇ ಯಂತ್ರದವಳು, ಅವಳನ್ನು ನೋಡಿ ಉಳಿದವರು. ನಾಲ್ಕು ದಿನದಲ್ಲಿ ಕಾರ್ಖಾನೆಯ ಯಾರ ಫೋನು ಕೂಗಿದರೂ ಚುಕ್ಕಿಯಕ್ಕನ ಹಾಡೇ. ಯಾರ ಗಂಡ ಕರೆದರೂ ಏಳೂ ಹೆಂಗಸರು ಒಟ್ಟಿಗೆ ಚೀಲಕ್ಕೆ ಕೈಹಾಕುತ್ತಿದ್ದರು. "ನಮ್ಮ ಚುಕ್ಕಿಯಕ್ಕ ಇನ್ನು ನಮ್ಮ ಕೈಗೆ ಸಿಗಲ್ಲ," "ಹೋಗುವಾಗ ನನ್ನನ್ನೂ ಕರ್ಕೊಂಡು ಹೋಗು ಮಾರಾಯ್ತಿ, ಗುಂಡಿಡಬ್ಬಿ ಅಲ್ಲಾಡಿಸ್ತೀನಿ," ಎಂದೆಲ್ಲ ಅನ್ನುತ್ತಿದ್ದರು. ನಲವತ್ತೆರಡು ವರ್ಷದಲ್ಲಿ ಮೊದಲ ಸಲ ಅವಳು ಹಜಾರಕ್ಕೆ ಕಾಲಿಟ್ಟರೆ ನಾಲ್ಕು ಮುಖ ಅವಳ ಕಡೆ ತಿರುಗುತ್ತಿದ್ದವು. ಅದು ಹಿತವಾಗಿತ್ತು. ಅಷ್ಟು ಹಿತವಾಗಿತ್ತೆಂದರೆ, ಹೆಸರಿಲ್ಲದ ಆ ಹನ್ನೊಂದನೇ ಜಾಗದ ಕಡೆ ಅವಳು ತಿರುಗಿ ನೋಡಲಿಲ್ಲ.

ಆ ವಾರ ಅಣ್ಣ ಹಜಾರದ ಹಿಂದಿನ ಕೊಟ್ಟಿಗೆಯಲ್ಲಿ ನೂಲು ಸುತ್ತುವ ಯಂತ್ರದ ಕೆಟ್ಟುಹೋದ ಮೋಟಾರು ಬಿಚ್ಚಿಕೊಂಡು ಕೂತಿದ್ದ. ಐದನೇ ದಿನ ಹಜಾರಕ್ಕೆ ಬಂದು ನಾಲ್ಕನೇ ಯಂತ್ರದ ಕೆಳಗೆ ಮಲಗಿದ. ಗುಂಡಿಯತ್ತೆಯ ಫೋನು ಮೇಜಿನ ಮೇಲೆ ಕೂಗಿತು. ಅವಳ ಬಾಯಲ್ಲಿ ಸೂಜಿ, ಕೈಯಲ್ಲಿ ನೂಲು, ಎತ್ತಲು ತಡವಾಯಿತು. ಹಾಡು ಪೂರ್ತಿ ನುಡಿಯಿತು.

ಚುಕ್ಕಿಯಕ್ಕ ನೋಡುತ್ತಿದ್ದದ್ದು ಅಣ್ಣನ ಕಾಲುಗಳನ್ನು. ಎಡಗಾಲು ಸಣ್ಣಗೆ ಅಲ್ಲಾಡುತ್ತಿತ್ತು, ಸ್ಕ್ರೂ ತಿರುಗಿಸುವಾಗ ಅವನ ಅಭ್ಯಾಸ. ತ. ತ-ತ. ಕಾಲು ನಿಂತಿತು. ಸ್ಕ್ರೂಡ್ರೈವರ್ ನೆಲಕ್ಕೆ ಉರುಳಿತು. ಅವನು ಹೊರಗೆ ಸರಿದು ಬಂದು ಎದ್ದು ಕೂತ. ಫೋನಿನ ಕಡೆ ನೋಡಲಿಲ್ಲ, ನೇರ ತಂಗಿಯನ್ನು ನೋಡಿದ. ಕೋಪದ ಮುಖವಲ್ಲ. ದಾರಿಯಲ್ಲಿ ಯಾರೋ ಹೆಸರು ಹಿಡಿದು ಕರೆದರೆಂದು ತಿರುಗಿದವನಿಗೆ ಅಲ್ಲಿ ಯಾರೂ ಕಾಣದೆ ಹೋದಾಗಿನ ಮುಖ. ಆಮೇಲೆ ಸ್ಕ್ರೂಡ್ರೈವರ್ ಎತ್ತಿಕೊಂಡು ಮತ್ತೆ ಯಂತ್ರದ ಕೆಳಗೆ ಹೋದ.

ಸಂಜೆ ಮನೆಗೆ ಬಂದು ಚಪ್ಪಲಿ ಬಿಟ್ಟ, ಕೈಕಾಲು ತೊಳೆದ, ಊಟಕ್ಕೆ ಕೂತ. ಒಂದು ಮಾತಿಲ್ಲ. ಸಾರು ಬೇಕಾ ಎಂದರೆ ತಟ್ಟೆ ಮುಂದೆ ಸರಿಸಿದ. ಮರುದಿನವೂ ಅಷ್ಟೇ. ಉಪ್ಪು ಬೇಕಾದರೆ ಉಪ್ಪಿನ ಕಡೆ ಬೆರಳು ತೋರಿಸಿದ, ಕಾರ್ಖಾನೆಯಲ್ಲಿ ಎಣ್ಣೆಯ ಡಬ್ಬಿ ತೋರಿಸುವ ಹಾಗೆ. ಚುಕ್ಕಿಯಕ್ಕನಿಗೆ ಆಗ ಅರ್ಥವಾಯಿತು. ಅವನು ಮುನಿಸಿಕೊಂಡಿರಲಿಲ್ಲ. ಮನೆಯನ್ನೂ ಹೊರಗು ಎಂದು ಲೆಕ್ಕ ಹಾಕಿಕೊಂಡಿದ್ದ.

ಅವಳು ಹಾಡಿನಿಂದ ಹನ್ನೊಂದನೇ ವಾದ್ಯ ತೆಗೆದು ಅಲ್ಲಿ ಚಮಚದ ಸದ್ದು ಕೂರಿಸಿದಳು. ಮರುದಿನ ಊಟದ ಬಿಡುವಿನಲ್ಲಿ ಒಬ್ಬೊಬ್ಬರ ಬಳಿ ಹೋಗಿ, "ಮೊದಲಿನದರಲ್ಲಿ ಒಂದು ತಪ್ಪಿತ್ತು, ಅದನ್ನ ತೆಗೆದು ಇದನ್ನ ಹಾಕ್ಕೊಳ್ಳಿ," ಎಂದು ಬೇಡಿಕೊಂಡಳು. ಒಬ್ಬರೂ ಒಪ್ಪಲಿಲ್ಲ.

"ಇದ್ಯಾಕೋ ಸಪ್ಪೆ ಚುಕ್ಕಿಯಕ್ಕ. ಹಳೇದೇ ಚೆನ್ನಾಗಿತ್ತು," ಎಂದಳು ಎರಡನೇ ಯಂತ್ರದವಳು.

"ತಪ್ಪು ಎಲ್ಲಿತ್ತು? ನಮಗೇನೂ ಕಾಣ್ಲಿಲ್ಲಪ್ಪ."

"ತಾಳ ತಪ್ಪಿತ್ತು," ಎಂದಳು ಚುಕ್ಕಿಯಕ್ಕ ನೆಲ ನೋಡುತ್ತ.

"ತಾಳ ತಪ್ಪಿತ್ತಂತೆ! ಅಯ್ಯೋ, ದೊಡ್ಡ ಕಲಾವಿದರಾದ ಮೇಲೆ ಹೀಗೇ ಕಣ್ರೇ, ಬಿಂಕ ಬಂದ್ಬಿಡತ್ತೆ," ಎಂದು ಗುಂಡಿಯತ್ತೆ ಬಾಯಿಂದ ಸೂಜಿ ತೆಗೆದಳು. "ಆ ತ-ತ ತಾನೇ ಅದರ ಉಪ್ಪು. ಅದನ್ನ ತೆಗೆದ್ರೆ ಏನುಳಿಯತ್ತೆ? ನೋಡು, ನನ್ನ ಬಾಯಿಗೇ ಬಂದ್ಬಿಟ್ಟಿದೆ." ಗಲ್ಲ ಮುಂದೆ ಚಾಚಿ, ತಲೆ ಅಲ್ಲಾಡಿಸುತ್ತ ನುಡಿಸಿದಳು. "ತ... ತ-ತ... ತ... ತ-ತ..."

ಹಜಾರ ಗೊಳ್ಳೆಂದಿತು. ಮೂವರು ದನಿಗೂಡಿಸಿದರು. ಮೇಜು ತಟ್ಟಿದರು. ತ, ತ-ತ. ಚುಕ್ಕಿಯಕ್ಕ ತಲೆಯೆತ್ತಿದಾಗ ಕೊಟ್ಟಿಗೆಯ ಬಾಗಿಲಲ್ಲಿ ಅಣ್ಣ ನಿಂತಿದ್ದ, ಕೈಯಲ್ಲಿ ಎಣ್ಣೆಬಟ್ಟೆ. ಯಾರೂ ಅವನನ್ನು ಗಮನಿಸಿದಂತೆ ಕಾಣಲಿಲ್ಲ. ಎಲ್ಲರೂ ಅವಳನ್ನೇ ನೋಡುತ್ತಿದ್ದರು, ನಗುತ್ತಿದ್ದರು, ನೀನೂ ನಗು ಎಂಬಂತೆ.

ಅವಳು ನಕ್ಕಳು.

ನಗದಿದ್ದರೆ ಯಾಕೆ ಎಂದು ಕೇಳುತ್ತಿದ್ದರು, ಹೇಳಿದರೆ ಅವನ ಗುಟ್ಟು ಹೊರಬೀಳುತ್ತಿತ್ತು, ಅದಕ್ಕೇ ನಕ್ಕೆ ಎಂದು ಆಮೇಲೆ ಅವಳು ಕಾರಣ ಕೊಟ್ಟುಕೊಂಡಳು. ಕಾರಣ ಸರಿಯಾಗಿಯೇ ಇತ್ತು. ಆದರೆ ಆ ನಗು ಕಾರಣ ಹುಡುಕಿಕೊಂಡು ಬಂದದ್ದಲ್ಲ, ಕಾರಣಕ್ಕಿಂತ ಮೊದಲು ಬಂದಿತ್ತು. ಅವಳ ಬೆರಳು ಕೂಡ ಮೇಜಿನ ಮೇಲೆ ತಟ್ಟುತ್ತಿತ್ತು. ಅವನು ನೋಡಿದ್ದು ಆ ಬೆರಳನ್ನು. ಸ್ಲೇಟಿನಲ್ಲಿ ಬಾರಿಸಿದ್ದ ಆ ಏಳು ವರ್ಷದ ಹುಡುಗಿ ಈಗ ಎದುರು ಬಂದರೆ ಯಾರ ಬೆನ್ನು ಹುಡುಕುತ್ತಾಳೆ ಎಂಬುದು ಅವಳಿಗೆ ಗೊತ್ತಿತ್ತು.

ರವಿವಾರದ ಮಧ್ಯಾಹ್ನ ಅಣ್ಣ ತಾನಾಗಿಯೇ ಬಂದು ಅವಳ ಕಂಪ್ಯೂಟರಿನ ಪಕ್ಕ ಸ್ಟೂಲು ಎಳೆದುಕೊಂಡು ಕೂತ. ಒಂಬತ್ತು ದಿನದ ಮೇಲೆ ಬಾಯಿಬಿಟ್ಟ.

"ತೋ-ತೋರಿಸು. ಹೇ... ಹೇಗೆ ಮಾಡಿದ್ದು?"

"ಅಣ್ಣಾ, ನಾನು ಅದನ್ನ ತೆಗೆದುಬಿಟ್ಟೆ, ನಿಜವಾಗ್ಲೂ, ಈಗ ಇಲ್ಲ..."

"ತೋರಿಸು."

ಅವಳು ಹಳೆಯ ಧ್ವನಿಮುದ್ರಣ ತೆರೆದಳು. ಅದಕ್ಕೆ ಮೊದಲು ಎರಡು ಸಲ ತಪ್ಪು ಕಡತಕ್ಕೆ ಹೋದಳು. ಪರದೆಯ ತುಂಬ ಗುಡ್ಡಗಳು ಹರಡಿಕೊಂಡವು. ಚಮಚದ ಚೂಪು ಗುಡ್ಡಗಳು, ಆಮೇಲೆ ಖಾಲಿ, ಆಮೇಲೆ ಮೂರು ಸಣ್ಣವು. ಅವನು ಯಂತ್ರ ಬಿಚ್ಚುವಾಗಿನ ಕಣ್ಣಿನಿಂದ ನೋಡಿದ. ಮೂರು ಸಣ್ಣ ಗುಡ್ಡಗಳ ಆಚೆ ಒಂದು ದೊಡ್ಡ ಸಾಲು ಇತ್ತು, ಅದರ ಮೇಲೆ ಬೆರಳಿಟ್ಟ.

"ಇ-ಇದು?"

"ಅದು... ನೀನು ತಣ್ಣಗಾಗತ್ತೆ ಕುಡಿ ಅಂದಿದ್ದು."

"ಇದನ್ನ ಯಾ... ಯಾ-ಯಾಕೆ ಬಿಟ್ಟೆ?"

ಅವಳಿಗೆ ಸುಳ್ಳು ಹೊಳೆಯಲಿಲ್ಲ. "ತಾಳಕ್ಕೆ ಬೇಕಾಗಿರ್ಲಿಲ್ಲ."

ಅವನು ತಲೆಯಾಡಿಸಿದ, ಸರಿ, ಹೀಗೋ ಎಂಬಂತೆ. ಆ ದೊಡ್ಡ ಗುಡ್ಡಗಳನ್ನು ಮತ್ತೊಮ್ಮೆ ನೋಡಿದ. ಆಮೇಲೆ ಮಾತಿಗೆ ಹೊರಟ. ಮೊದಲ ಅಕ್ಷರದಲ್ಲೇ ಸಿಕ್ಕಿಕೊಂಡ. ಅವನು ಏನು ಹೇಳಲಿದ್ದಾನೆಂದು ಅವಳಿಗೆ ಗೊತ್ತೇ ಇತ್ತು: ಜನ ನಕ್ಕರು ಎನ್ನುತ್ತಾನೆ, ನೀನೂ ನಕ್ಕೆ ಎನ್ನುತ್ತಾನೆ. ಅವಳ ನಾಲಿಗೆ ತುದಿಗೆ ಅದು ಬಂದೂ ಬಂದಿತ್ತು. ಅವನು ಕೈ ಎತ್ತಿ ತಡೆದ.

"ಮಾ... ಮಾ-ಮಾತು ಬಂದಿತ್ತಲ್ಲ ಪುಟ್ಟಿ. ಕೊ-ಕೊನೆಗೆ ಬಂದಿತ್ತು. ನೀನು ಅದಕ್ಕೆ ಮೊ... ಮೊದಲೇ ಕತ್ತರಿಸಿದೀಯ. ಈಗ ಕೇ-ಕೇಳಿದವರಿಗೆ ಅದು ಬಂತು ಅಂತಾನೇ ಗೊತ್ತಾ... ಗೊತ್ತಾಗಲ್ಲ."

ಅವಳು ಎಣಿಸಿದ್ದ ಮಾತು ಅದಾಗಿರಲಿಲ್ಲ. ಅಂಗಡಿಯ ಕಟ್ಟೆಗಳು, ಆಸ್ಪತ್ರೆಯ ಕಿಟಕಿಗಳು, ಯಾರ್ಯಾರದೋ ಎದುರು ಅವಳು ಅವನಿಗಾಗಿ ಮುಗಿಸಿಕೊಟ್ಟ ಪದಗಳು ಒಂದೊಂದಾಗಿ ಬಂದು ಕೋಣೆಯಲ್ಲಿ ನಿಂತವು. ಎಷ್ಟನ್ನು ಅವನು ಹೇಳಬೇಕೆಂದಿದ್ದ, ಎಷ್ಟನ್ನು ಅವಳೇ ಊಹಿಸಿ ಮುಗಿಸಿದ್ದಳು? ಮುಖವನ್ನು ಎಲ್ಲಿಡಬೇಕೆಂದು ತೋಚದೆ ಕೀಲಿಮಣೆಯ ಮೇಲಿನ ಧೂಳನ್ನು ಬೆರಳಿನಿಂದ ಒರೆಸಿದಳು.

ಆಮೇಲೆ ಹೇಳಿದಳು, "ಅವರ ಫೋನಿಂದೆಲ್ಲ ತೆಗೆಸ್ಬೇಕು. ಯಾಕೆ ಅಂತ ಹೇಳದೆ ತೆಗೆಯಲ್ಲ ಅವರು. ಹೇಳ್ಲಾ? ನೀನು ಬೇಡ ಅಂದ್ರೆ ಹೇಳಲ್ಲ."

ಅವನು ಸ್ಟೂಲಿನಿಂದ ಎದ್ದ. ಬಾಗಿಲ ತನಕ ಹೋಗಿ ನಿಂತ.

"ಹೇ... ಹೇ-ಹೇಳು. ಪೂ-ಪೂರ್ತಿ ಕೇಳಿಸು."

ಸೋಮವಾರ ಅಣ್ಣ ನೂಲು ತರಲು ಬೇರೆ ಊರಿಗೆ ಹೋದ. ಬೇಕೆಂದೇ ಹೋದನೇನೋ. ಊಟದ ಬಿಡುವಿನಲ್ಲಿ ಚುಕ್ಕಿಯಕ್ಕ ಹಜಾರದ ನಡುವೆ ನಿಂತು, ಒಂದು ವಿಷಯ ಇದೆ ಎಂದಳು. ಹೊಸ ಹಾಡು ಎಂದುಕೊಂಡು ಎಲ್ಲರೂ ತಟ್ಟೆ ಹಿಡಿದೇ ಸುತ್ತ ಬಂದರು. ಅವಳು ಫೋನು ಮೇಜಿನ ಮೇಲಿಟ್ಟು ಕತ್ತರಿಸದ ಧ್ವನಿಯನ್ನು ಹಾಕಿದಳು. ಚಮಚ ಲೋಟಕ್ಕೆ ತಟ್ಟಿತು. ಸುಮ್ಮನಾಯಿತು. ತ, ಎಂದಿತು. ತ-ತ, ಎಂದಿತು. ಎರಡನೇ ಯಂತ್ರದವಳು ನಗಲು ಶುರುಮಾಡಿದಳು. ಅಷ್ಟರಲ್ಲಿ ಗಂಡಸಿನ ಮೆತ್ತಗಿನ ದನಿ, ತಣ್ಣಗಾಗತ್ತೆ, ಕುಡಿ, ಎಂದಿತು. ಅದರ ಹಿಂದೆ ಚುಕ್ಕಿಯಕ್ಕನದ್ದೇ ಗಮನವಿಲ್ಲದ ಹೂಂ.

"ಇದು ನಮ್ಮಣ್ಣ," ಎಂದಳು. "ಹಾಡಲ್ಲಿರೋ ತ-ತ ಇವನ ದನಿ. ಅವನನ್ನ ಕೇಳದೆ ತಗೊಂಡೆ."

ಒಬ್ಬಳು ತಟ್ಟೆಯನ್ನು ಸದ್ದಾಗದ ಹಾಗೆ ಕೆಳಗಿಟ್ಟಳು. ಮೊದಲು ದನಿ ಬಂದದ್ದು ಗುಂಡಿಯತ್ತೆಗೆ, ಆದರೆ ಅದು ಅವಳ ದನಿಯಂತಿರಲಿಲ್ಲ.

"ಅವನು ಬಾಗಿಲಲ್ಲಿ ನಿಂತಿದ್ನಲ್ಲೇ ಅವತ್ತು. ಎಣ್ಣೆಬಟ್ಟೆ ಹಿಡ್ಕೊಂಡು. ನಾನು ಕಂಡೂ ಸುಮ್ನಿದ್ದೆ, ಹಾಡು ಕೇಳ್ತಿದ್ದಾನೆ ಅಂತ."

"ಹೌದು ಅತ್ತೆ."

"ಇಪ್ಪತ್ತು ವರ್ಷ. ಇಪ್ಪತ್ತು ವರ್ಷದಿಂದ ಅವನ ಮುಂದೆ ನಾನು ನಾಲಿಗೆ ಬಿಗಿ ಹಿಡ್ಕೊಂಡಿದ್ದೀನಿ. ಅವನಿಗೆ ನೋವಾಗಬಾರದು ಅಂತ, ಹೌದು-ಅಲ್ಲ ಅಂದ್ರೆ ಸಾಕು ಅನ್ನೋ ಹಾಗೇ ಪ್ರಶ್ನೆ ಕೇಳ್ತಿದ್ದೆ. ಅಂಥವಳ ಬಾಯಲ್ಲಿ ಅವನನ್ನ ಅಣಕಿಸೋ ಹಾಗೆ ಮಾಡಿದ್ಯಲ್ಲ ನೀನು. ನಮ್ಮೆಲ್ಲರ ಕೈಲೂ ಮಾಡಿಸಿದ್ಯಲ್ಲ." ಅವಳು ತಟ್ಟೆಯನ್ನು ಆಚೆ ಸರಿಸಿದಳು. "ನೀನೂ ನಕ್ಕೆಯಲ್ಲೇ ಚುಕ್ಕಿ. ನಿನಗೆ ಗೊತ್ತಿತ್ತು. ಗೊತ್ತಿದ್ದೂ ನಕ್ಕೆ."

ಅಕ್ಕ ಎನ್ನುವುದನ್ನು ಅವಳು ಬಿಟ್ಟಿದ್ದು ಎಲ್ಲರಿಗೂ ಕೇಳಿಸಿತು.

"ಹೌದು," ಎಂದಳು ಚುಕ್ಕಿಯಕ್ಕ. ಇನ್ನೇನು ಹೇಳಿದರೂ ಅದು ಮತ್ತೊಂದು ಕಾರಣವಾಗುತ್ತಿತ್ತು.

ಗುಂಡಿಯತ್ತೆ ಫೋನು ತೆಗೆದಳು. ಕನ್ನಡಕ ಸಿಗದೆ, ಕಣ್ಣಿಗೆ ಹತ್ತಿರ ಹಿಡಿದು, ಹಾಡನ್ನು ಅಳಿಸುವುದು ಎಲ್ಲಿ ಎಂದು ತಡಕಾಡಿದಳು. ಚುಕ್ಕಿಯಕ್ಕ ನೆರವಿಗೆ ಕೈ ಚಾಚಿದಳು. ಗುಂಡಿಯತ್ತೆ ಫೋನನ್ನು ಎದೆಗೆ ಒತ್ತಿಕೊಂಡು ಎರಡನೇ ಯಂತ್ರದವಳ ಕಡೆ ತಿರುಗಿದಳು. "ನೀನು ತೆಗೆದುಕೊಡೇ." ಒಬ್ಬೊಬ್ಬರಾಗಿ ಎಲ್ಲರೂ ತೆಗೆದರು. ಆ ಮಧ್ಯಾಹ್ನ ಏಳು ಯಂತ್ರಗಳೂ ಓಡಿದವು, ಓರೆ ಮೇಜಿನ ಬಳಿ ಯಾರೂ ಸುಳಿಯಲಿಲ್ಲ. ಹೊಸ ಎಲೆಯ ಕಾರ್ಡು ಬೇಕಿದ್ದವಳು ಕೂಡ ಹಳೆಯದನ್ನೇ ಹಾಕಿಕೊಂಡು ಹೆಣೆದಳು.

ಅಣ್ಣ ನೂಲಿನ ಮೂಟೆಗಳನ್ನು ಕಾರ್ಖಾನೆಯಲ್ಲಿಳಿಸಿ ಮನೆಗೆ ಬಂದಾಗ ದೀಪ ಹಚ್ಚುವ ಹೊತ್ತು. ಹೇಳಿದೆ, ಎಂದಳು ಅವಳು. ಅವನು ಹೂಂ ಎಂದ. ಅವರು ಏನೆಂದರು ಎಂದು ಕೇಳಲಿಲ್ಲ. ಅವಳ ಮುಖದಲ್ಲಿ ಅದು ಬರೆದಿತ್ತೇನೋ. ಕ್ಷಮಿಸಿದೆ ಎನ್ನಲಿಲ್ಲ, ಅವಳೂ ಕೇಳಲಿಲ್ಲ. ಊಟ ಮುಗಿಸಿ ತಟ್ಟೆ ತೊಳೆದಿಟ್ಟು, ಬಿಡಿಭಾಗಗಳ ಪಟ್ಟಿಯ ಪುಸ್ತಕ ಬಿಡಿಸಿಕೊಂಡು ಕೂತ. ಅವಳು ಎದುರಿಗೆ ಬಟ್ಟೆ ಮಡಿಸುತ್ತಿದ್ದಳು.

ಇದ್ದಕ್ಕಿದ್ದಂತೆ ಅವನು ಮಾತಿಗೆ ತೊಡಗಿದ. ಯಾವುದೋ ಪುಟದ ಮೇಲೆ ಬೆರಳಿಟ್ಟುಕೊಂಡು, ತಲೆ ಎತ್ತದೆ. ಮೊದಲ ಅಕ್ಷರ ತುಟಿಯ ಬಳಿಯೇ ತಡೆದು ನಿಂತಿತು. ಮತ್ತೆ ನೂಕಿದ, ಮತ್ತೆ ನಿಂತಿತು. ಹೇಳಬೇಕಾದದ್ದು ಬ್ರಷ್ಷೋ ಬೇರಿಂಗೋ ಬೇರೆಯೇ ಏನೋ, ಅವಳಿಗೆ ತಿಳಿಯಲಿಲ್ಲ. ತಿಳಿಯಲು ಯತ್ನಿಸಲೂ ಇಲ್ಲ. ಕೈಯಲ್ಲಿದ್ದ ಷರ್ಟನ್ನು ಮಡಿಲಲ್ಲಿಟ್ಟುಕೊಂಡು ಕಾದಳು.

ಕಾಯುವಾಗ ಅವಳಿಗೊಂದು ಅರಿವಾಯಿತು. ಅವನ ಅಕ್ಷರ ಎಡವಿದಲ್ಲೆಲ್ಲ ಅವಳೊಳಗೆ ಏನೋ ಸಾಲು ಎಣಿಸುತ್ತಿತ್ತು. ಒಂದು, ಖಾಲಿ, ಎರಡು, ಮೂರು, ಖಾಲಿ. ಅದು ಇನ್ನೂ ಚಂದವಾಗಿ ಕೇಳುತ್ತಿತ್ತು. ಎಷ್ಟು ನಾಚಿದರೂ ಅದು ನಿಲ್ಲುವಂಥದ್ದಲ್ಲ ಎಂದು ಅವಳು ಒಪ್ಪಿಕೊಳ್ಳಬೇಕಾಯಿತು. ಷರ್ಟಿನ ತೋಳನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು, ಎಣಿಸುತ್ತಲೇ, ಅವನ ಮಾತು ಪೂರ್ತಿ ಬರುವ ತನಕ ಕೂತಳು.

"ಬ್... ಬ್-ಬ್... ಬ್ರಷ್ ಸವೆದಿದೆ, ನಾ-ನಾಲ್ಕನೇದರದ್ದು," ಎಂದ ಅವನು. "ನಾ... ನಾಳೆ ನೆನಪು ಮಾಡು."

"ಮಾಡ್ತೀನಿ," ಎಂದಳು.